ಟೌನಿನವರೆಗೆ ಹಳಿ ತಂದವರ ಹೆಸರು

ಬೆಳಗಿನ ಐದೂಕಾಲು. ನಂಜನಗೂಡಿನ ಕಪಿಲಾ ಸೇತುವೆಯಿಂದ ಈಚೆಗೆ, ಹೊಸದಾಗಿ ಸುರಿದ ಜಲ್ಲಿಯ ಮೇಲೆ ಸಿದ್ಧಾರ್ಥ ಬೋರಲು ಮಲಗುತ್ತಾರೆ. ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಮೊಣಕೈ ಕೆಳಗಿಟ್ಟುಕೊಂಡು, ಗಲ್ಲವನ್ನು ಹಳಿಗೆ ತಾಗುವಷ್ಟು ತಗ್ಗಿಸಿ, ಒಂದು ಕಣ್ಣು ಮುಚ್ಚುತ್ತಾರೆ. ನಲವತ್ತು ಹೆಜ್ಜೆ ಮುಂದೆ ಎಂಟು ಮಂದಿ ಹಳಿಯ ಕೆಳಗೆ ಹಾರೆ ಕೊಟ್ಟು ಇವರ ಮಾತಿಗೆ ಕಾಯುತ್ತಿದ್ದಾರೆ.

"ಎಡಕ್ಕೆ. ಇನ್ನೊಸಿ. ಇನ್ನೊಂದ್ ಕೂದ್ಲೆಳೆ... ಸಾಕು ಸಾಕು! ಯಾವೋನ್ಲಾ ಅವ್ನು ಅಂಗ್ ತಳ್ದೋನು? ಎಂಡ್ರು ಮ್ಯಾಲಿನ ಕ್ವಾಪ ಅಳಿ ಮ್ಯಾಲೆ ತೀರುಸ್ಬ್ಯಾಡ. ವಾಪಸ್ ತಗಾ."

"ಅವ್ನೆಂಡ್ರು ತೌರ್ಗೋಗಿ ತಿಂಗ್ಳಾಯ್ತು ಕಣಣ್ಣೋ, ಅದ್ಕೇ ಕ್ವಾಪ!" ಎಂದು ಅತ್ತಲಿಂದ ಯಾರೋ ಕೂಗುತ್ತಾರೆ. ಎಂಟೂ ಹಾರೆಗಳು ನಗುತ್ತಲೇ ಮತ್ತೆ ಬಲಕ್ಕೆ ಮೀಟುತ್ತವೆ. ಸಿದ್ಧಾರ್ಥ ನಗುವುದಿಲ್ಲ. ಕಣ್ಣು ಹಳಿಯ ಮೇಲೇ ಇದೆ.

ಹಳಿಯ ನೇರ ನೋಡಲು ಇದೇ ಹೊತ್ತು. ಬಿಸಿಲೇರಿದರೆ ಉಕ್ಕು ಹಿಗ್ಗುತ್ತದೆ, ಜಲ್ಲಿಯ ಮೇಲಿನ ಗಾಳಿ ನಡುಗುತ್ತದೆ, ನೇರವಾಗಿರುವುದೂ ಡೊಂಕಾಗಿ ಕಾಣುತ್ತದೆ. ಏಳು ಗಂಟೆಯೊಳಗೆ ಮುಗಿಯಬೇಕು. "ಇಂಜಿನಿಯರ್ ಸಾಹೇಬ್ರ ತಾವ ಮೂರ್ ಕಾಲಿನ ದುರ್ಬೀನ್ ಅದೆ. ಅದ್ರಲ್ಲಿ ನೋಡ್ಬುಟ್ಟು ಗೂಟ ಒಡೀತಾರೆ. ಗೂಟದಿಂದ ಗೂಟಕ್ಕೆ ಸರ್ಯಾಗೇ ಇರ್ತದೆ. ಗೂಟದ ಮಧ್ಯೆ ಏನಾಗ್ಯದೆ ಅಂತ ನೋಡಾಕೆ ಒಬ್ಬ ಮನಿಕ್ಕೋಬೇಕಲ್ಲ ಕಣ್ರಕ್ಕಾ, ಅದು ನಾನು," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ, ಎದ್ದು ಎದೆಯ ಮೇಲಿನ ಪುಡಿ ಕೊಡವಿಕೊಳ್ಳುತ್ತಾ.

ಮೈಸೂರಿನಿಂದ ಬರುತ್ತಿದ್ದ ಸಣ್ಣ ಗಾಡಿ ನಿಂತು ಎರಡು ವರ್ಷ ಮೀರಿತು. ಒಂದು ಮೀಟರ್ ಅಗಲದ ಹಳೆಯ ಹಳಿ ಕಿತ್ತು, ಐದೂವರೆ ಅಡಿ ಅಗಲದ ಹೊಸ ಹಳಿ ಹಾಸುತ್ತಾ ಬಂದಿದ್ದಾರೆ. ಹಳಿ ಈಗ ಹೊಳೆ ದಾಟಿದೆ. ಟೌನ್ ಸ್ಟೇಷನ್ನಿಗೆ ಉಳಿದಿರುವುದು ಮುಕ್ಕಾಲು ಕಿಲೋಮೀಟರ್. ಮೈಸೂರಿನ ಕಾಲೇಜಿಗೆ ಹೋಗುವ ಮಕ್ಕಳು, ಮಾರುಕಟ್ಟೆಗೆ ವೀಳ್ಯದೆಲೆ, ಬಾಳೆಹಣ್ಣು ಹೊರುವ ಹೆಂಗಸರು, ಬಸ್ಸಿನ ಬಾಗಿಲಲ್ಲಿ ಜೋತುಬಿದ್ದು ಕೆಲಸಕ್ಕೆ ಹೋಗುವವರು, ಎಲ್ಲರೂ ದಿನ ಎಣಿಸುತ್ತಿದ್ದಾರೆ. ಊರೊಳಕ್ಕೆ ಮತ್ತೆ ಗಾಡಿ ಬರುತ್ತದೆ.

ಸಿದ್ಧಾರ್ಥ ಕೂಡ ದಿನ ಎಣಿಸುತ್ತಿದ್ದಾರೆ. ಬೇರೆ ಕಾರಣಕ್ಕೆ. ಅವರು ರೈಲ್ವೆಯ ನೌಕರರಲ್ಲ, ಗುತ್ತಿಗೆದಾರರ ಆಳು. ಈ ಮುಕ್ಕಾಲು ಕಿಲೋಮೀಟರ್ ಮುಗಿದ ದಿನ ಗುತ್ತಿಗೆದಾರರ ಲಾರಿಗಳು ಬೇರೆ ಜಿಲ್ಲೆಗೆ ಹೊರಡುತ್ತವೆ. ಅಷ್ಟರೊಳಗೆ ತಮ್ಮನ್ನು ರೈಲ್ವೆಯ ಕಾಯಂ ಕೆಲಸಕ್ಕೆ ತೆಗೆದುಕೊಳ್ಳುತ್ತಾರೋ ಇಲ್ಲವೋ ಎಂಬ ಒಂದು ಕಾಗದಕ್ಕೆ ಅವರು ಕಾಯುತ್ತಿದ್ದಾರೆ. ಹಾಗೆ ನೋಡಿದರೆ ಆ ಕಾಗದ ಹತ್ತು ವರ್ಷದ ಹಿಂದೆಯೇ ಅವರ ಮನೆ ಬಾಗಿಲಿಗೆ ಬಂದಿತ್ತು. ಅವರೇ ವಾಪಸ್ ಕಳುಹಿಸಿದರು.

ಅದು ಹೇಗಾಯಿತು ಎಂದು ಕೇಳಿದರೆ ಅವರು ಮೊದಲು ತಮ್ಮ ಹುಟ್ಟಿನ ಸಂಗತಿ ಹೇಳುತ್ತಾರೆ. ಊರು ಚಿಕ್ಕಯ್ಯನಛತ್ರ ಹೋಬಳಿಯ ಒಂದು ಹಳ್ಳಿ. ತಾಯಿಗೆ ಇವರಿಗಿಂತ ಮೊದಲು ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಮೂರನೆಯದಾದರೂ ಸಾವಿನ ಕಣ್ಣಿಗೆ ಬೀಳದಿರಲಿ ಎಂದು ಹುಚ್ಚಯ್ಯ ಎಂದು ಹೆಸರಿಟ್ಟಳು. ಆ ತಾಯಿ ಎಷ್ಟು ಹೆದರಿರಬೇಕು! ಕೂಸು ಉಳಿಯಿತು. ಆದರೆ ಅವಳು ಮುದ್ದಿನಿಂದ ಕರೆದ ಹೆಸರನ್ನು ಊರು ಬೇರೆ ದನಿಯಲ್ಲಿ ಕರೆಯಿತು.

"ನಮ್ಮವ್ವ ಕೂಗುದ್ರೆ ಎಸ್ರು. ಜಮೀನ್ದಾರ್ರ ಮೊಮ್ಮಗ, ಇನ್ನೂ ಚಡ್ಡಿ ಆಕಳಾಕ್ ಬರ್ದೋನು, ಅವ್ನ್ ಕೂಗುದ್ರೆ ಬೈಗ್ಳ. 'ಲೇ ಹುಚ್ಚ, ಎಮ್ಮೆ ಬಿಡ್ಲಾ.' ನಂಗಾಗ ಮೂವತ್ತು ವರ್ಷ, ಮದ್ವೇನೂ ಆಗಿತ್ತು."

ಅದಕ್ಕೂ ಮೊದಲು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ರೈಲ್ವೆಗೆ ದಿನಗೂಲಿಯಾಗಿ ಸೇರಿದ್ದರು. ಎಪ್ಪತ್ತೊಂಬತ್ತರಿಂದ ಎಂಬತ್ತಾರರವರೆಗೆ, ಸಣ್ಣ ಗಾಡಿಯ ಹಳಿಗೆ ಜಲ್ಲಿ ತುಂಬುವುದು, ಮಳೆಗಾಲದಲ್ಲಿ ಸೇತುವೆ ಕಾಯುವುದು. ಹಳಿಯ ಪಕ್ಕ ಮಲಗಿ ಕಣ್ಣಳತೆ ನೋಡುವ ವಿದ್ಯೆಯನ್ನು ಆಗಲೇ ಒಬ್ಬ ಮುದಿ ಮೇಸ್ತ್ರಿ ಕಲಿಸಿದ್ದು. ಕೆಲಸ ಕಡಿಮೆಯಾದಾಗ ದಿನಗೂಲಿಗಳನ್ನು ನಿಲ್ಲಿಸಿದರು. ಆದರೆ ಮಾಡಿದ ದಿನಗಳ ಲೆಕ್ಕವಿರುವ ಕಾರ್ಡು ಕೊಟ್ಟು, ಹೆಸರು ಪುಸ್ತಕದಲ್ಲಿರುತ್ತದೆ, ಕಾಯಂ ಮಾಡುವಾಗ ಕಾಗದ ಬರುತ್ತದೆ ಎಂದು ಹೇಳಿ ಕಳುಹಿಸಿದರು. ಕಾರ್ಡಿನಲ್ಲಿದ್ದದ್ದು ಹುಚ್ಚಯ್ಯ ಎಂಬ ಹೆಸರು, ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತು.

ತೊಂಬತ್ತೈದರಲ್ಲಿ ಅವರ ಬೀದಿಯ ಹದಿನಾಲ್ಕು ಮನೆಗಳು ಬೌದ್ಧ ಧರ್ಮಕ್ಕೆ ಸೇರಿದವು. ಅಂದೇ ಬಹಳ ಮಂದಿ ಹೆಸರು ಬದಲಿಸಿಕೊಂಡರು. ಹುಚ್ಚಯ್ಯ ಸಿದ್ಧಾರ್ಥ ಆದರು. ಬೀದಿಯ ಸಂಘದ ಕೋಣೆಯಲ್ಲಿ ಸಂಜೆ ಹೊತ್ತು ಅಕ್ಷರ ಕಲಿತರು. ಅವರು ಬರೆದ ಮೊದಲ ಪದ ಆ ಹೊಸ ಹೆಸರೇ.

ಹೆಸರು ಬದಲಿಸಿಕೊಂಡರೂ ಹಳೆಯ ಹೆಸರಿಗೆ ಕತ್ತು ತಾನೇ ತಿರುಗುತ್ತದೆ. ಅದಕ್ಕೆ ಸಂಘದವರು ಒಂದು ಕಟ್ಟಳೆ ಮಾಡಿದರು. ಹಳೆಯ ಹೆಸರು ಹಿಡಿದು ಯಾರಾದರೂ ಕರೆದಾಗ 'ಆ' ಎಂದವರು ಒಂದು ವಾರ ಸಂಘದ ಕೋಣೆ ಗುಡಿಸಬೇಕು. ಮಕ್ಕಳಿಗೆ ಅದು ಆಟವಾಯಿತು. ಬೇಲಿ ಹಿಂದೆ ಅವಿತುಕೊಂಡು ಹಳೆಯ ಹೆಸರು ಕೂಗುವುದು, ತಿರುಗಿದವರನ್ನು ಹಿಡಿದುಕೊಡುವುದು.

"ನಾನೇ ಎಲ್ರಿಗಿಂತ ಜಾಸ್ತಿ ಗುಡ್ಸಿರೋನು," ಎಂದು ಸಿದ್ಧಾರ್ಥ ಮೊದಲ ಬಾರಿಗೆ ನಗುತ್ತಾರೆ. "ಎಲ್ಡ್ ತಿಂಗ್ಳಲ್ಲಿ ಐದ್ ವಾರ! 'ಪೊರ್ಕೆ ನಿಮ್ಮನೇಲೇ ಮಡೀಕಳಪ್ಪ' ಅನ್ನೋರು."

ಅವರ ಹೆಂಡತಿ ಮರಿತಾಯಮ್ಮ ಹೆಸರು ಬದಲಿಸಿಕೊಳ್ಳಲಿಲ್ಲ. ತವರು ತಿ. ನರಸೀಪುರದ ಹತ್ತಿರ. "ನಂಗೂ ಬ್ಯಾರೆ ಎಸ್ರು ಮಡಗ್ತೀವಿ ಅಂತ ಬಂದ್ರು. ಮರಿತಾಯಮ್ಮ ಅಂದ್ರೆ ನಮ್ಮವ್ವ ಕೂಗ್ದಂಗಾಯ್ತದೆ, ನಂಗ್ ಬ್ಯಾಡ ಅಂದೆ," ಎನ್ನುತ್ತಾರೆ. ಗಂಡನ ಬುತ್ತಿಗೆ ರಾಗಿಮುದ್ದೆಯನ್ನು ಬಟ್ಟೆಯಲ್ಲಿ ಸುತ್ತುತ್ತಾ, ನಾನು ಕೇಳುವ ಮೊದಲೇ ಆ ದಿನದ ಮಾತಿಗೆ ಬರುತ್ತಾರೆ. ಅದು ಅವರೊಳಗೆ ಇನ್ನೂ ಆರಿಲ್ಲ.

ತೊಂಬತ್ತೇಳರ ಒಂದು ಸೋಮವಾರ. ಬೀದಿಯಲ್ಲಿ ಹುರುಳಿ ಬಡಿಯುತ್ತಿದ್ದರು. ಸಿದ್ಧಾರ್ಥ ಐದನೆಯ ವಾರದ ಗುಡಿಸುವ ಶಿಕ್ಷೆಯನ್ನು ಮುಗಿಸಿ ವರ್ಷದ ಮೇಲಾಗಿತ್ತು. ಆಮೇಲೆ ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ, ಅದೇ ಅವರ ಜಂಬ. ಅಂಚೆಯವರಾದ ಮಾದಪ್ಪ ಸೈಕಲ್ ನಿಲ್ಲಿಸಿ, ಕಂದು ಬಣ್ಣದ ಲಕೋಟೆ ತೆಗೆದರು. ವಿಳಾಸ ಇಂಗ್ಲಿಷಿನಲ್ಲಿತ್ತು.

"ಹುಚ್ಚಯ್ಯ ಅನ್ನೋರ್ಗೆ ಒಂದು ರಿಜಿಸ್ಟ್ರು ಬಂದದೆ," ಎಂದರು ಮಾದಪ್ಪ.

ಬೀದಿಗೆ ಬೀದಿಯೇ ಬಡಿಯುವುದನ್ನು ನಿಲ್ಲಿಸಿ ನೋಡಿತು. ಮಕ್ಕಳು ಕುಣಿಯುತ್ತಾ "ಸಿಗಾಕ್ಕಂಡ್ರು, ಸಿಗಾಕ್ಕಂಡ್ರು!" ಎಂದವು. ಯಾರೋ ಪೊರಕೆ ತಂದು ತೋರಿಸಿಯೂ ಬಿಟ್ಟರು.

ಸಿದ್ಧಾರ್ಥ ಕೋಲು ಕೆಳಗಿಡಲಿಲ್ಲ. "ಆ ಎಸ್ರಿನೋರು ಈ ಮನೇಲಿ ಯಾರೂ ಇಲ್ಲ ಕಣಣ್ಣ. ವಾಪಸ್ ಕಳ್ಸ್ಬುಡು."

"ಈಸ್ಕಳಿ, ನೋಡಾರ ನೋಡಿ ಅಂದೆ," ಎನ್ನುತ್ತಾರೆ ಮರಿತಾಯಮ್ಮ. "ಸೊಸೈಟಿ ಸಾಲದ ನೋಟೀಸಿರ್ತದೆ ಬುಡು ಅಂದ್ರು. ಎಲ್ಲಾ ಚಪ್ಪಾಳೆ ತಟ್ಟುದ್ರು. ನಾನೂ ತಟ್ದೆ, ನನ್ ಕೈಯಿಗ್ ಬೆಂಕಿ ಆಕ."

ಚಪ್ಪಾಳೆಯ ಬೆಲೆ ಗೊತ್ತಾದದ್ದು ಮರುವರ್ಷ. ಹಳೆಯ ಗ್ಯಾಂಗಿನ ಜೊತೆಗಾರ ಶಿವಮಲ್ಲಪ್ಪ ಸಂತೆಯಲ್ಲಿ ಸಿಕ್ಕರು. ಮೈಮೇಲೆ ಖಾಕಿ ಅಂಗಿ, ಜೇಬಿನಲ್ಲಿ ರೈಲ್ವೆ ಪಾಸು.

"ನೀನ್ಯಾಕ್ಲಾ ಬರ್ನಿಲ್ಲ? ನಿನ್ನೆಸ್ರು ನನ್ನೆಸ್ರಿಗಿಂತ ಮ್ಯಾಲಿತ್ತು. ಮೂರ್ ಸಾರಿ ಕೂಗುದ್ರು."

"ಎಲ್ಗೆ?"

"ಎಲ್ಗೆ ಅಂತೀಯಲ್ಲೋ! ಪರ್ಮನೆಂಟ್ ಮಾಡಾಕೆ ಕರೆದ್ರಲ್ಲ. ಕಾಗ್ದ ಬರ್ನಿಲ್ವಾ?"

ಮರುದಿನವೇ ಅವರು ಮೈಸೂರಿನ ಕಚೇರಿಗೆ ಹೋದರು. ಗುಮಾಸ್ತರು ಕಡತ ಬಿಚ್ಚಿ, ವಾಪಸ್ ಬಂದ ಆ ಕಂದು ಲಕೋಟೆಯನ್ನೇ ತೋರಿಸಿದರು. ಅದರ ಮೇಲೆ ಮಾದಪ್ಪನವರ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: 'ಈ ವಿಳಾಸದಲ್ಲಿ ಆ ಹೆಸರಿನವರು ಇಲ್ಲ.' ಪಟ್ಟಿ ಮುಗಿದಿದೆ, ಇನ್ನು ಮಾಡುವಂಥದ್ದೇನಿಲ್ಲ ಎಂದರು. ಆ ಗುಮಾಸ್ತರು ಒರಟಾಗಿ ಮಾತಾಡಲಿಲ್ಲ, ಕುರ್ಚಿ ಕೊಟ್ಟು ಕೂರಿಸಿಯೇ ಹೇಳಿದರು ಎಂಬುದನ್ನು ಸಿದ್ಧಾರ್ಥ ಒತ್ತಿ ಹೇಳುತ್ತಾರೆ.

ಮಾದಪ್ಪ ಈಗ ನಿವೃತ್ತರು. ನಾನು ಹೋದಾಗ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಆ ಊರಿನ ಇತರ ಬೀದಿಗಳಲ್ಲಿ ಸಿದ್ಧಾರ್ಥ ಎಂದು ಮೊದಲು ಕರೆದವರು ಅವರೇ ಎಂಬುದನ್ನು ಮಾದಪ್ಪನವರ ಹೆಂಡತಿ ಹೇಳಿದರು. ಮಾದಪ್ಪ ತಲೆ ಎತ್ತಲಿಲ್ಲ.

"ಆ ಲಕೋಟೆ ಅವನ್ದೇ ಅಂತ ನಂಗೊತ್ತಿಲ್ವಾ ಅಮ್ಮಾ? ಒಳಗಡೆ ಇರೋದ್ ಏನಂತ ಗೊತ್ತಿರ್ಲಿಲ್ಲ, ಅಷ್ಟೇ. ಅಷ್ಟ್ ಜನರ ಮುಂದೆ 'ಲೋ, ನಿಂದೇ ಕಣೋ, ಹೆಬ್ಬೆಟ್ ಒತ್ತು' ಅನ್ನಾಕೆ ಮನ್ಸ್ ಬರ್ನಿಲ್ಲ. ಇನ್ನೊಬ್ರಾಗಿದ್ರೆ ಗದ್ರಿ ಕೊಟ್ಬುಟ್ಟು ಹೋಗೋರು. ಅವ್ನಿಗೆ ಮರ್ವಾದೆ ಕೊಟ್ಟೇ ಕೆಡ್ಸ್ಬುಟ್ಟೆ ನಾನು."

ಇಬ್ಬರೂ ಈ ಮಾತನ್ನು ಎಂದೂ ಎದುರೆದುರು ಆಡಿಲ್ಲ. ಬೀದಿಯಲ್ಲಿ ಸಿಕ್ಕರೆ ಮಳೆಯ ಮಾತು, ಬೆಳೆಯ ಮಾತು.

ಅಲ್ಲಿಂದ ಏಳೆಂಟು ವರ್ಷ ಸಿದ್ಧಾರ್ಥ ಸಿಕ್ಕ ಕೂಲಿ ಮಾಡಿದರು. ಇಟ್ಟಿಗೆ ಗೂಡು, ನಾಲೆಯ ಹೂಳು, ಕಬ್ಬಿನ ಕಟಾವು. ಊರಿಗೆ ದೊಡ್ಡ ಹಳಿ ಬರುತ್ತದೆ ಎಂಬ ಸುದ್ದಿ ಬಂದಾಗ ಗುತ್ತಿಗೆದಾರರ ಬಳಿ ಮೊದಲು ಹೋಗಿ ನಿಂತವರು ಅವರೇ. ಮೇಲ್ವಿಚಾರಕ ಮಲ್ಲಿಕಾರ್ಜುನ್‌ಗೆ ಇಪ್ಪತ್ತೆಂಟು ವರ್ಷ. "ಮೊದ್ಲ ದಿನ ಬಾಂಡ್ಲಿ ಹೊರೋಕೆ ಹಾಕಿದ್ದೆ ಮೇಡಂ. ಮಧ್ಯಾಹ್ನ ಊಟದ ಹೊತ್ತಲ್ಲಿ ಬಂದು, 'ಸಾ, ಆ ಮೂರ್ನೇ ಜಾಯಿಂಟ್ ತಾವ ಅಳಿ ಹೊಟ್ಟೆ ಬಿಟ್ಟದೆ' ಅಂದ್ರು. ಅಳೆದ್ರೆ ಹೌದು. ಅವತ್ತಿಂದ ಅವ್ರು ಮಲಗಿ ನೋಡ್ದೆ ನಾನು ಮುಂದಕ್ಕೆ ಹೋಗಿಲ್ಲ," ಎನ್ನುತ್ತಾರೆ ಅವರು.

ಬೆಳಗಿನ ಕಣ್ಣಳತೆ ಮುಗಿದ ಮೇಲೂ ದಿನ ದೊಡ್ಡದು. ಅರವತ್ತು ಸೆಂಟಿಮೀಟರಿಗೊಂದರಂತೆ, ಕಿಲೋಮೀಟರಿಗೆ ಸಾವಿರದ ಆರುನೂರು ಮೀರಿದ, ಹಳಿಯ ಕೆಳಗೆ ಅಡ್ಡಲಾಗಿ ಹಾಸುವ ಕಾಂಕ್ರೀಟ್ ಸ್ಲೀಪರುಗಳು. ಒಂದೊಂದೂ ಇನ್ನೂರ ಎಪ್ಪತ್ತು ಕೆ.ಜಿ. ಹತ್ತು ಮಂದಿ ಹೊರುತ್ತಾರೆ, ಆ ಹತ್ತರಲ್ಲಿ ಇವರೂ ಒಬ್ಬರು. ಮಧ್ಯಾಹ್ನದ ಮೇಲೆ ಕೋಲು ಹಿಡಿದು ಪ್ರತಿ ಸ್ಲೀಪರಿನ ತುದಿಗೂ ಬಡಿಯುತ್ತಾ ನಡೆಯುತ್ತಾರೆ. ಕೆಳಗೆ ಜಲ್ಲಿ ಬಿಗಿಯಾಗಿದ್ದರೆ ಒಂದು ಸದ್ದು, ಪೊಳ್ಳಿದ್ದರೆ ಇನ್ನೊಂದು. ದಿನಕ್ಕೆ ಮುನ್ನೂರರಿಂದ ನಾನೂರು ಸ್ಲೀಪರಿಗೆ ಕಿವಿ ಕೊಡುತ್ತಾರೆ. ಎಡ ಭುಜದ ಮೇಲೆ ಅಂಗೈಯಗಲ ಚರ್ಮ ಕಪ್ಪಾಗಿ ಗಟ್ಟಿಯಾಗಿದೆ. ಎಣ್ಣೆ ಹಚ್ಚಿದರೂ ಅಲ್ಲಿ ಏನೂ ಗೊತ್ತಾಗುವುದಿಲ್ಲವಂತೆ.

ಆರು ತಿಂಗಳ ಹಿಂದೆ ಮಲ್ಲಿಕಾರ್ಜುನ್ ಒಂದು ಸುದ್ದಿ ತಂದರು. ಬಿಟ್ಟುಹೋದ ಹಳೆಯ ದಿನಗೂಲಿಗಳ ಅರ್ಜಿಯನ್ನು ಮತ್ತೆ ನೋಡುತ್ತಾರಂತೆ. ಆದರೆ ಅರ್ಜಿ ಪುಸ್ತಕದಲ್ಲಿರುವ ಹೆಸರಿನಲ್ಲೇ ಇರಬೇಕು, ಗುರುತು ಹಳೆಯ ಕಾರ್ಡಿಗೆ ಹೊಂದಬೇಕು. ಸಿದ್ಧಾರ್ಥ ಒಂದು ವಾರ ಉತ್ತರ ಕೊಡಲಿಲ್ಲ. ಮಗಳು ಕವನ ಆಗ ಶಿಕ್ಷಕರ ತರಬೇತಿಗೆ ಸೇರಿದ್ದಳು, ಕಾಲೇಜಿನ ಶುಲ್ಕದ ಕೊನೆಯ ಕಂತು ಉಳಿದಿತ್ತು. ಎಂಟನೆಯ ದಿನ ಅವರು ಕಾರ್ಡು ತೆಗೆದುಕೊಂಡು ನಂಜನಗೂಡಿನ ನೋಟರಿಯ ಮುಂದೆ ಕುಳಿತರು. 'ಹುಚ್ಚಯ್ಯ ಎಂಬ ನಾನು' ಎಂದು ಶುರುವಾದ ಕಾಗದದ ಕೆಳಗೆ, ಅಕ್ಷರ ಕಲಿತ ಮೇಲೆ ಮೊದಲ ಬಾರಿಗೆ ಹೆಬ್ಬೆಟ್ಟು ಒತ್ತಿದರು.

ಈ ಭಾಗವನ್ನು ಅವರು ಹೇಳಲಿಲ್ಲ. ಹೇಳಿದವಳು ಕವನ.

"ಅಪ್ಪ ಮನೆಗೆ ಬಂದು ಊಟಕ್ಕೆ ಕೂತಾಗ ಎಡಗೈ ಮಡಿಲಲ್ಲೇ ಇಟ್ಕೊಂಡಿದ್ರು. ಏನಪ್ಪಾ, ಪೆಟ್ಟಾಯ್ತಾ ಅಂತ ಎಳೆದು ನೋಡಿದ್ರೆ ಹೆಬ್ಬೆಟ್ಟಲ್ಲಿ ಶಾಯಿ. ಮಾರನೇ ದಿನದಿಂದ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಸಂಘದ ಕೋಣೆ ಗುಡಿಸಿ ಕೆಲಸಕ್ಕೆ ಹೋಗ್ತಿದ್ರು. ಯಾರೂ ಹೇಳಿರ್ಲಿಲ್ಲ. ಆ ಕಟ್ಟಳೇನ ಎಲ್ಲರೂ ಮರೆತು ಎಷ್ಟೋ ವರ್ಷ ಆಗಿತ್ತು. ಏಳು ದಿನ ಗುಡಿಸಿದ್ರು."

ಅವಳ ಎಲ್ಲ ಅಂಕಪಟ್ಟಿಗಳಲ್ಲೂ ತಂದೆಯ ಹೆಸರು ಸಿದ್ಧಾರ್ಥ. ಅವಳು ಅವನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳೆ, ಇಲಿ ಬರದ ಜಾಗವೆಂದು.

ನಾನು ಅವರನ್ನು ಆ ಬೆಳಿಗ್ಗೆ ಹಳಿಯ ಮೇಲೆ ನೋಡಿ ಎರಡು ವಾರವಾದ ಮೇಲೆ, ಕಳೆದ ಮಂಗಳವಾರ, ಉತ್ತರ ಬಂತು. ಹೊಸ ಅಂಚೆಯ ಹುಡುಗಿ ಹುಚ್ಚಯ್ಯ ಯಾರು ಎಂದು ಬೀದಿಯ ತುದಿಯಿಂದ ಕೇಳುತ್ತಾ ಬಂದಳು. ಸಿದ್ಧಾರ್ಥ ಬಾಗಿಲಿಗೆ ಹೋಗಿ, "ನಾನೇ ಕಣವ್ವ," ಎಂದು ಹೆಬ್ಬೆಟ್ಟು ಒತ್ತಿ ಈಸಿಕೊಂಡರು. ಈ ಸಲ ಯಾರೂ ಕೂಗಲಿಲ್ಲ, ನಗಲಿಲ್ಲ. ಕಾಗದದಲ್ಲಿದ್ದದ್ದು ಇಷ್ಟು: ತೊಂಬತ್ತೇಳರಲ್ಲಿ ಕಳುಹಿಸಿದ ಕರೆಪತ್ರವು ಹುಚ್ಚಯ್ಯ ಎಂಬುವರು ಆ ವಿಳಾಸದಲ್ಲಿ ಇಲ್ಲವೆಂದು ವಾಪಸಾಗಿರುವುದರಿಂದಲೂ, ಅರ್ಜಿದಾರರ ವಯಸ್ಸು ಮೀರಿರುವುದರಿಂದಲೂ ಮನವಿಯನ್ನು ಪರಿಗಣಿಸಲಾಗುವುದಿಲ್ಲ.

"ಇಲ್ದೇ ಇರೋನು ಅರ್ಜಿ ಆಕವ್ನೆ ಅಂತ ನಗಾಡಿರ್ತಾರೆ," ಎಂದರು ಮರಿತಾಯಮ್ಮ. ಅವರು ನಗಲಿಲ್ಲ. ಗಂಡನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟರು.

ಗುರುವಾರ ಹಳಿ ಟೌನ್ ಸ್ಟೇಷನ್ ಮುಟ್ಟಿತು. ಶನಿವಾರ ಮಧ್ಯಾಹ್ನ ಪರೀಕ್ಷೆಯ ಇಂಜಿನ್ ಬಂತು. ಸ್ಟೇಷನ್ ಮುಂದೆ ರೈಲು ತಂದವರಿಗೆ ಸ್ವಾಗತ ಕೋರುವ ಬ್ಯಾನರುಗಳು ಎದ್ದಿದ್ದವು, ಒಂದೊಂದರಲ್ಲಿ ಹತ್ತು ಹನ್ನೆರಡು ಮುಖ, ಕೆಳಗೆ ಒಬ್ಬೊಬ್ಬರ ಹೆಸರು. ಹಳಿಯ ಉದ್ದಕ್ಕೂ ಹಗ್ಗ ಕಟ್ಟಿ ಜನರನ್ನು ನಿಲ್ಲಿಸಿದ್ದರು. ಕೆಲಸದವರೂ ಹಗ್ಗದ ಆಚೆಗೇ ನಿಲ್ಲಬೇಕೆಂದು ಯಾರೋ ಹೇಳಿದರು. ಮಲ್ಲಿಕಾರ್ಜುನ್ ಮುಖ ಸಣ್ಣದು ಮಾಡಿಕೊಂಡು, "ಅಣ್ಣ, ಒಂಚೂರು ಹಿಂದಕ್ಕೆ," ಎಂದರು. ಸಿದ್ಧಾರ್ಥ ಹಿಂದಕ್ಕೆ ಸರಿದರು.

ಇಂಜಿನ್ ಬಂದಾಗ ಎಲ್ಲರೂ ಅದರ ಮೂತಿಯ ಹೂವಿನ ಹಾರ ನೋಡುತ್ತಿದ್ದರು. ಸಿದ್ಧಾರ್ಥ ಮಾತ್ರ ಜನರ ಕಾಲುಗಳ ನಡುವೆ ಕುಕ್ಕರುಗಾಲಿನಲ್ಲಿ ಕೂತು ಗಾಲಿ ನೋಡುತ್ತಿದ್ದರು. ಅಷ್ಟು ಭಾರದ ಇಂಜಿನ್ ಒಂದು ಕಡೆಗೂ ಓಲಾಡದೆ, ನೀರಿನ ಮೇಲೆ ಬಂದಂತೆ ಬಂದು ನಿಂತಿತು. ಪಟಾಕಿ ಹೊಡೆದರು, ಲಾಡು ಹಂಚಿದರು. ಹಗ್ಗದ ಆಚೆಗೆ ಬರುವಷ್ಟರಲ್ಲಿ ಲಾಡು ಮುಗಿದಿತ್ತು.

ಸೋಮವಾರ ಗುತ್ತಿಗೆದಾರರ ಲಾರಿಗಳು ಹೊರಡುತ್ತವೆ. ಜೊತೆಗೆ ಬರುವಂತೆ ಕರೆದಿದ್ದಾರೆ. ಈ ಭುಜ ಹೊತ್ತುಕೊಂಡು ಪರವೂರಿನ ಶೆಡ್ಡಿನಲ್ಲಿ ಮಲಗಲಾರೆ ಎಂದು ಇವರು ಒಪ್ಪಿಲ್ಲ. ಮತ್ತೆ ಇಟ್ಟಿಗೆ ಗೂಡಿಗೆ ಕೇಳಿ ಬಂದಿದ್ದಾರೆ.

ಈಗ ಏನು ಆಸೆಯಿದೆ ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಪ್ಯಾಸೆಂಜರ್ ಬುಟ್ಟ ದಿನ ಇವ್ಳ್ನೂ ಮಗೀನೂ ಕರ್ಕಂಡು ಮೈಸೂರ್ಗೆ ಒಂದ್ ಸಾರಿ ಓಗ್ಬತ್ತೀನಿ ಕಣ್ರಕ್ಕಾ. ಆ ಟಿಕೀಟ್ ನೋಡಿದ್ದೀರಾ ನೀವು? ಎಲ್ಲಿಂದ ಎಲ್ಗೆ ಅಂತ ಊರ್ ಎಸ್ರು ಇರ್ತದೆ. ಓಗೋನ್ ಎಸ್ರಿರಾಕಿಲ್ಲ. ಕೇಳಾಕೂ ಇಲ್ಲ. ಕಿಟ್ಕಿಯೊಳಕ್ ಕೈ ನೀಡುದ್ರೆ, ಯಾರಾದ್ರೂ ಸೈ, ಕೊಟ್ಬುಡ್ತಾರೆ."